ಜೀರ್ಣೋದ್ಧಾರವೂ ಜೀರ್ಣರಕ್ಷಣೆಯೂ: ನೀರಿನಿಂದೆತ್ತಿದ ಯುದ್ಧವಿಮಾನಗಳ ವಿಚಾರವಾಗಿ ಒಂದು ವಿಮರ್ಶೆ

1

ಹಳೆಯ ವಸ್ತುಗಳನ್ನು ಕಾಪಾಡುವ ವಿಚಾರದಲ್ಲಿ 'ಉದ್ಧಾರ'ವೆಂಬ ಒಂದೇ ಮಾತನ್ನು ಮೂರು ಬೇರೆ ಬೇರೆ ಕಾರ್ಯಗಳಿಗೆ ಉಪಯೋಗಿಸುತ್ತಿರುವುದರಿಂದ ಬಹಳ ಗೊಂದಲವುಂಟಾಗಿದೆ. ಮುಳುಗಿದುದನ್ನು ಅಥವಾ ಹೂತುಹೋದುದನ್ನು ಮೇಲಕ್ಕೆತ್ತುವುದು ಮೊದಲನೆಯದು, ಇದನ್ನು ಉದ್ಧರಣವೆನ್ನೋಣ. ಎತ್ತಿದುದು ಇನ್ನೂ ಕೆಡದಂತೆ ಇದ್ದ ಸ್ಥಿತಿಯಲ್ಲಿಯೇ ನಿಲ್ಲಿಸುವುದು ಎರಡನೆಯದು, ಇದು ಸಂರಕ್ಷಣ. ಕಳೆದುಹೋದ ಅಂಗಗಳನ್ನು ಹೊಸದಾಗಿ ಕೂಡಿಸಿ ವಸ್ತುವಿಗೆ ಅದರ ಮೊದಲಿನ ರೂಪವನ್ನು ಕೊಡುವುದು ಮೂರನೆಯದು, ಇದು ಪುನರ್ನಿರ್ಮಾಣ. ರಸಾತಳದಿಂದ ಭೂಮಿಯನ್ನೆತ್ತಿದ ವರಾಹನ ಕಥೆ ಹೊಯ್ಸಳ ಶಿಲ್ಪಿಗಳಿಗೆ ಬಹು ಪ್ರಿಯವಾದುದು. ಆ ವರಾಹನು ಮಾಡಿದುದು ಉದ್ಧರಣ ಮಾತ್ರವೇ ಹೊರತು ಪುನರ್ನಿರ್ಮಾಣವಲ್ಲವೆಂಬುದನ್ನು ನಾವು ಮರೆಯುತ್ತೇವೆ.

ಎರಡನೆಯ ಮಹಾಯುದ್ಧದಲ್ಲಿ ಸಮುದ್ರಕ್ಕೂ ಸರೋವರಗಳಿಗೂ ಬಿದ್ದ ವಿಮಾನಗಳನ್ನು ಮೇಲಕ್ಕೆತ್ತಿ ಸಂಗ್ರಹಾಲಯಗಳಲ್ಲಿಡುವ ಕಾರ್ಯವು ಕಳೆದ ಐವತ್ತು ವರ್ಷಗಳಲ್ಲಿ ಹೆಚ್ಚಾಗಿ ನಡೆದಿದೆ. ಆ ಪೈಕಿ ಕೆಲವು ಉದಾಹರಣೆಗಳನ್ನು ತೆಗೆದುಕೊಂಡು, ಮೇಲೆ ಹೇಳಿದ ಮೂರು ಕಾರ್ಯಗಳಲ್ಲಿ ಯಾವುದು ಎಲ್ಲಿ ಯುಕ್ತವೆಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಬೇಕಾದ ಒರೆಗಲ್ಲು ಹಾಸನ ಸೀಮೆಯಲ್ಲಿಯೇ ದೊರೆಯುತ್ತದೆ. ವಿಮಾನವೆಂಬ ಶಬ್ದವು ದೇವಾಲಯದ ಗರ್ಭಗೃಹದ ಮೇಲಣ ಕಟ್ಟಡಕ್ಕೂ ಆಕಾಶದಲ್ಲಿ ಹಾರುವ ಯಂತ್ರಕ್ಕೂ ಸಲ್ಲುವುದರಿಂದ ಮಾತ್ರ ಈ ಹೋಲಿಕೆಯನ್ನು ಮಾಡಿದುದಲ್ಲ. ಎರಡರ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ ಆಗಿರುವುದರಿಂದ ಮಾಡಿದುದು.

2

ಹೊಯ್ಸಳರ ಕಾಲದ ದಾನಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ'ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವುದಕ್ಕಾಗಿ ಭೂಮಿಯನ್ನು ಬಿಟ್ಟುಕೊಡುವುದು ಅದರ ಅರ್ಥ. ದೇಗುಲವನ್ನು ಕಟ್ಟಿಸಿದ ದಿನವೇ ಅದು ಮುಂದೆ ಒಡೆಯುವುದೆಂದು ತಿಳಿದು, ಅದರ ದುರಸ್ತಿಗೆ ಬೇಕಾದ ಹುಟ್ಟುವಳಿಯನ್ನೂ ಗೊತ್ತುಮಾಡುತ್ತಿದ್ದರು. ಇದರಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ಜೀರ್ಣೋದ್ಧಾರವು ಯಾವಾಗಲೂ ಪೂಜೆಯೊಡನೆ ಸೇರಿಯೇ ಹೇಳಲ್ಪಟ್ಟಿದೆ. ದೇವರ ಅಂಗಭೋಗ ನಡೆಯಬೇಕು, ಅದಕ್ಕಾಗಿ ಗುಡಿ ನಿಂತಿರಬೇಕು, ಆದುದರಿಂದ ದುರಸ್ತಿ. ಅಂದರೆ ದುರಸ್ತಿಗೆ ಕಾರಣ ಉಪಯೋಗ.

ಬೇಲೂರಿನ ಚೆನ್ನಕೇಶವ ದೇವಾಲಯವು ಈ ನಿಯಮಕ್ಕೆ ನಿದರ್ಶನ. ವಿಷ್ಣುವರ್ಧನನು ಕ್ರಿ. ಶ. 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ನವರಂಗಕ್ಕೆ ಇಂದು ಶೋಭೆಯನ್ನು ಕೊಡುವ ಜಾಲಂದ್ರಗಳು ಮೊದಲಿನವಲ್ಲ. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದವು. ದಾಳಿಯಲ್ಲಿ ಸುಟ್ಟುಹೋದ ಮಹಾದ್ವಾರದ ಗೋಪುರವನ್ನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಮತ್ತೆ ಕಟ್ಟಿಸಿದನು. ಅವನು ಹೊಯ್ಸಳರ ಶೈಲಿಯನ್ನು ಅನುಕರಿಸಲಿಲ್ಲ; ತನ್ನ ಕಾಲದ ರೀತಿಯಲ್ಲಿ ಕಟ್ಟಿಸಿ, ಕಟ್ಟಿಸಿದವನು ತಾನೆಂದು ಶಾಸನವನ್ನೂ ಹಾಕಿಸಿದನು. ಆದಕಾರಣ ಇಂದಿನ ನೋಡುಗನು ಯಾವುದು 1117ರದು, ಯಾವುದು 1397ರದು ಎಂದು ಮೋಸಹೋಗದೆ ತಿಳಿಯಬಹುದಾಗಿದೆ. ಗರ್ಭಗೃಹದ ಮೇಲಣ ಶಿಖರವನ್ನು, ಅದರ ಭಾರದಿಂದ ಕೆಳಗಣ ಗೋಡೆಗಳಿಗೆ ಅಪಾಯವಿದ್ದುದರಿಂದ, 1879ರಲ್ಲಿ ಇಳಿಸಿಬಿಟ್ಟರು. ಉಳಿದುದನ್ನು ಉಳಿಸಿಕೊಳ್ಳುವುದಕ್ಕಾಗಿ ಒಂದು ಭಾಗವನ್ನು ಬಿಟ್ಟುಕೊಟ್ಟ ಈ ಕಾರ್ಯವೂ ಸಂರಕ್ಷಣೆಯೇ.

ಹಳೇಬೀಡಿನ ಸ್ಥಿತಿ ಬೇರೆ. 1311ರ ಮಲಿಕ್ ಕಾಫರನ ದಾಳಿಯಿಂದಲೂ ಅನಂತರದ ದಾಳಿಗಳಿಂದಲೂ ದೋರಸಮುದ್ರವು ರಾಜಧಾನಿಯಾಗಿದ್ದುದು ತಪ್ಪಿ 'ಹಳೆಯ ಬೀಡಾ'ಯಿತು. ಹೊಯ್ಸಳೇಶ್ವರನ ಎರಡು ಗರ್ಭಗೃಹಗಳ ಮೇಲೆಯೂ ಇಂದು ಶಿಖರವಿಲ್ಲ. ಕೇದಾರೇಶ್ವರನ ಶಿಖರದಲ್ಲಿ ಬೇರೂರಿದ ಮರವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲುಗಳನ್ನು ಸೀಳಿ ಕೆಡವಿತು. ಮುಂದೆ ಗೋಡೆಗಳನ್ನು ಸರಿಪಡಿಸಿದರಾದರೂ ಶಿಖರವನ್ನು ಊಹೆಯಿಂದ ಕಟ್ಟಲಿಲ್ಲ. ಸುತ್ತಲೂ ದೊರೆತ ಭಗ್ನಶಿಲ್ಪಗಳನ್ನು ಹೊಯ್ಸಳೇಶ್ವರನ ಆವರಣದ ಸಂಗ್ರಹಾಲಯದಲ್ಲಿ, ಮುರಿದ ಕೈಗಳೊಡನೆಯೇ, ಬಯಲಿನಲ್ಲಿ ನಿಲ್ಲಿಸಿದ್ದಾರೆ. ಆ ಮೂರ್ತಿಗಳಿಗೆ ಗಾರೆಯಿಂದ ಹೊಸ ಕೈಗಳನ್ನು ಮಾಡಿ ಅಂಟಿಸಿದ್ದರೆ ದಾಳಿಯ ಸಾಕ್ಷ್ಯವೂ ಶಿಲ್ಪಿಯ ಸಾಕ್ಷ್ಯವೂ ಏಕಕಾಲದಲ್ಲಿ ನಷ್ಟವಾಗುತ್ತಿದ್ದವು. ಇಲ್ಲಿ ವಸ್ತುವಿನ ಪ್ರಯೋಜನವು ಉಪಯೋಗವಲ್ಲ, ಸಾಕ್ಷ್ಯ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಒಟ್ಟಾಗಿ ಸೇರಿದಾಗ, ದುರಸ್ತಿಯಾಗುತ್ತ ಬಂದ ಗುಡಿಗೂ ಭಗ್ನವಾಗಿ ಉಳಿದ ಗುಡಿಗೂ ಒಂದೇ ಗೌರವ ಸಂದಿತು.

ಅರಸೀಕೆರೆಯ ಈಶ್ವರ ದೇವಾಲಯವು ಆ ಪಟ್ಟಿಯಲ್ಲಿಲ್ಲ. 1220ರ ಈ ಗುಡಿಯ ನಕ್ಷತ್ರಾಕಾರದ ಮುಖಮಂಟಪವೂ ಅದರ ಮೇಲಣ ಗುಮ್ಮಟದಂತಹ ಚಾವಣಿಯೂ ಹೊಯ್ಸಳ ವಾಸ್ತುವಿನಲ್ಲಿ ಬಹು ಅಪೂರ್ವವಾದವು. ಅಪೂರ್ವ ವಸ್ತುವಿನ ಮೇಲೆ ಕೈಯಿಡುವವನಿಗೆ ಮಾದರಿಯಾಗಿ ನೋಡಲು ಇನ್ನೊಂದು ವಸ್ತುವಿರುವುದಿಲ್ಲ. ಆದುದರಿಂದ ಅಲ್ಲಿ ಊಹೆಗೆ ಎಡೆಗೊಟ್ಟರೆ ಅಪಾಯ ಹೆಚ್ಚು. ಈ ಮಾತು ಮುಂದೆ ಉಪಯೋಗಕ್ಕೆ ಬರುವುದು.

3

ಇನ್ನು ಹಾರುವ ವಿಮಾನಗಳನ್ನು ನೋಡೋಣ. ಬ್ರಿಟನ್ನಿನ ಹ್ಯಾಲಿಫ್ಯಾಕ್ಸ್ ಎಂಬ ನಾಲ್ಕು ಎಂಜಿನುಗಳ ಬಾಂಬರ್ ವಿಮಾನಗಳು ಆರು ಸಾವಿರಕ್ಕೂ ಹೆಚ್ಚಾಗಿ ತಯಾರಾದವು. ಇಂದು ಸಂಗ್ರಹಾಲಯಗಳಲ್ಲಿ ಕಾಣಬರುವ ಮುಖ್ಯವಾದ ಹ್ಯಾಲಿಫ್ಯಾಕ್ಸುಗಳು ಮೂರೇ. ಆ ಮೂರನ್ನೂ ಮೂರು ರೀತಿಯಲ್ಲಿ ನಡೆಸಿಕೊಂಡಿರುವುದು ವಿಮರ್ಶಕನ ಭಾಗ್ಯ.

ಒಂದನೆಯದು ಡಬ್ಲ್ಯೂ 1048 ಎಂಬ ಸಂಖ್ಯೆಯದು. 1942ರ ಏಪ್ರಿಲ್ 27ರ ರಾತ್ರಿ ನಾರ್ವೆಯ ತೀರದಲ್ಲಿದ್ದ ಟಿರ್ಪಿಟ್ಸ್ ಎಂಬ ಜರ್ಮನ್ ಯುದ್ಧನೌಕೆಯ ಮೇಲೆ ನಡೆದ ದಾಳಿಯಲ್ಲಿ ಪೆಟ್ಟುತಿಂದು, ಹೋಕ್ಲಿಂಗೆನ್ ಸರೋವರದ ಹೆಪ್ಪುಗಟ್ಟಿದ ನೀರಿನ ಮೇಲೆ ಇಳಿಯಿತು. ಒಳಗಿದ್ದವರು ಜೀವಸಹಿತ ಹೊರಬಂದರು. ವಿಮಾನವು ಮಂಜುಗಡ್ಡೆಯನ್ನು ಭೇದಿಸಿಕೊಂಡು ತಳವನ್ನು ಸೇರಿತು. 1973ರಲ್ಲಿ ಅದನ್ನು ಮೇಲಕ್ಕೆತ್ತಿದರು. ಲಂಡನ್ನಿನ ಹೆಂಡನ್‌ನಲ್ಲಿರುವ ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯದಲ್ಲಿ ಅದು ಸರೋವರದಿಂದ ಬಂದ ಭಗ್ನರೂಪದಲ್ಲಿಯೇ ಪ್ರದರ್ಶಿತವಾಯಿತು. ಇದು ಹಳೇಬೀಡಿನ ಕ್ರಮ.

ಎರಡನೆಯದು ಎನ್‌ಎ 337. 1945ರ ಏಪ್ರಿಲಿನಲ್ಲಿ, ಯುದ್ಧವು ಮುಗಿಯಲು ಎರಡು ವಾರಗಳಷ್ಟೇ ಉಳಿದಿದ್ದಾಗ, ನಾರ್ವೆಯ ಪ್ರತಿರೋಧಪಕ್ಷದವರಿಗೆ ಸಾಮಗ್ರಿಗಳನ್ನು ಇಳಿಸಿ ಹಿಂದಿರುಗುತ್ತ ಮ್ಯೋಸ ಸರೋವರಕ್ಕೆ ಬಿದ್ದಿತು. ಆರು ಮಂದಿಯಲ್ಲಿ ಹಿಂಬದಿಯ ಬಂದೂಕುಗಾರನೊಬ್ಬನೇ ಉಳಿದನು. 1995ರಲ್ಲಿ ಇನ್ನೂರು ಮೀಟರುಗಳಿಗೂ ಹೆಚ್ಚು ಆಳದಿಂದ ಅದನ್ನೆತ್ತಿ ಕೆನಡಾದೇಶದ ಟ್ರೆಂಟನ್ ಎಂಬಲ್ಲಿಗೆ ಸಾಗಿಸಿ, ಹತ್ತು ವರ್ಷಗಳ ದುಡಿಮೆಯಿಂದ 2005ರಲ್ಲಿ ಹೊಸದರಂತೆ ಮಾಡಿ ನಿಲ್ಲಿಸಿದರು. ಇದು ಸಂಪೂರ್ಣ ಪುನರ್ನಿರ್ಮಾಣ.

ಮೂರನೆಯದು ಯಾರ್ಕ್‌ಶೈರಿನ ಎಲ್ವಿಂಗ್ಟನ್ ಎಂಬ ಊರಿನಲ್ಲಿರುವುದು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಹೊಲವೊಂದರಲ್ಲಿ ಹ್ಯಾಲಿಫ್ಯಾಕ್ಸಿನ ಒಡಲಿನ ತುಂಡೊಂದು ಕೋಳಿಗೂಡಾಗಿ ಉಪಯೋಗವಾಗುತ್ತಿದ್ದಿತು. ಅದಕ್ಕೆ ಹೇಸ್ಟಿಂಗ್ಸ್ ಎಂಬ ಬೇರೆ ಜಾತಿಯ ವಿಮಾನದ ರೆಕ್ಕೆಗಳನ್ನು ಜೋಡಿಸಿ, ಇಲ್ಲದ ಭಾಗಗಳನ್ನು ಹೊಸದಾಗಿ ಮಾಡಿ, 1996ರಲ್ಲಿ ಒಂದು ವಿಮಾನವನ್ನು ಸಿದ್ಧಗೊಳಿಸಿದರು. ಒಂದು ಗುಡಿಯ ಮೂರ್ತಿಯನ್ನು ಇನ್ನೊಂದು ಗುಡಿಯ ಪೀಠದ ಮೇಲೆ ನಿಲ್ಲಿಸಿದಂತೆ ಇದು. ಹೀಗೆ ಮಾಡಬಾರದೆಂದಲ್ಲ, ಅದನ್ನು ಪ್ರತಿಕೃತಿಯೆಂದು ತಿಳಿದು ನೋಡಬೇಕು. ಕೋಳಿಗೂಡಾಗಿದ್ದ ಸಂಗತಿಯನ್ನು ಮರೆಮಾಚದೆ ಹೇಳುತ್ತಿರುವುದರಿಂದಲೇ ಆ ವಸ್ತುವಿನಲ್ಲಿ ಮೋಸವಿಲ್ಲ.

ಈ ಮೂರರಲ್ಲಿ ಯಾವುದು ಮೇಲು? ಟ್ರೆಂಟನ್ನಿನ ವಿಮಾನವನ್ನು ನೋಡಿದವನಿಗೆ ಹ್ಯಾಲಿಫ್ಯಾಕ್ಸ್ ಹೇಗಿದ್ದಿತೆಂಬುದು ತಿಳಿಯುತ್ತದೆ. ಹೆಂಡನ್ನಿನದನ್ನು ನೋಡಿದವನಿಗೆ ಹ್ಯಾಲಿಫ್ಯಾಕ್ಸಿಗೆ ಏನಾಯಿತೆಂಬುದು ತಿಳಿಯುತ್ತದೆ. ಮೊದಲನೆಯ ಜ್ಞಾನವನ್ನು ನಕ್ಷೆಗಳಿಂದಲೂ ಛಾಯಾಚಿತ್ರಗಳಿಂದಲೂ ಪ್ರತಿಕೃತಿಗಳಿಂದಲೂ ಪಡೆಯಬಹುದು. ಎರಡನೆಯದನ್ನು ಆ ಲೋಹದ ಹೊರತು ಮತ್ತೊಂದರಿಂದ ಪಡೆಯಲಾಗದು. ಪುನರ್ನಿರ್ಮಾಣವು ತಪ್ಪಿಹೋದರೆ ಮತ್ತೆ ಮೊದಲಿನ ಭಗ್ನರೂಪಕ್ಕೆ ಹಿಂದಿರುಗುವುದು ಅಸಾಧ್ಯ; ಸಂರಕ್ಷಿಸಿದುದನ್ನಾದರೋ ಮುಂದಿನ ತಲೆಮಾರಿನವರು ಬೇಕಾದರೆ ಪುನರ್ನಿರ್ಮಿಸಬಹುದು. ಈ ಒಂದು ಕಾರಣವೇ ಸಂಶಯವಿದ್ದೆಡೆಯಲ್ಲಿ ಸಂರಕ್ಷಣೆಯ ಪಕ್ಷವನ್ನು ಹಿಡಿಯುವುದಕ್ಕೆ ಸಾಕು.

4

ಇದಕ್ಕೆ ಪೂರ್ವಪಕ್ಷಗಳುಂಟು. ಸಾಮಾನ್ಯ ಜನರಿಗೆ ಮುರುಕು ಲೋಹದ ರಾಶಿಯಿಂದ ಏನೂ ತಿಳಿಯದೆಂಬುದು ಒಂದು. ಈ ಆಕ್ಷೇಪಣೆ ಹಳೇಬೀಡಿಗೆ ಬರುವ ಜನರನ್ನು ಕಂಡವರ ಮುಂದೆ ನಿಲ್ಲಲಾರದು. ಶಿಖರವಿಲ್ಲದ ಗುಡಿಯ ಮುಂದೆ ನಿಂತವನು ಶಿಖರವೆಲ್ಲಿ ಎಂದು ಕೇಳುತ್ತಾನೆ; ಆ ಪ್ರಶ್ನೆಯಿಂದಲೇ ಅವನ ಇತಿಹಾಸ ಪಾಠವು ಆರಂಭವಾಗುತ್ತದೆ.

ಮಡಿದವರ ಗೌರವಾರ್ಥವಾಗಿ ವಿಮಾನವನ್ನು ಪೂರ್ಣರೂಪದಲ್ಲಿ ನಿಲ್ಲಿಸಬೇಕೆಂಬುದು ಎರಡನೆಯದು. ಇದು ಹೆಚ್ಚು ಗುರುತರವಾದ ಮಾತು. ಕೆನಡಾದ ವಾಯುಸೈನಿಕರು ಹ್ಯಾಲಿಫ್ಯಾಕ್ಸುಗಳಲ್ಲಿ ಬಹುಸಂಖ್ಯೆಯಲ್ಲಿ ಹೋರಾಡಿದರು, ಬಹುಸಂಖ್ಯೆಯಲ್ಲಿ ಮಡಿದರು. ಅವರ ಬಂಧುಗಳಿಗೆ ಮುರುಕು ವಿಮಾನವನ್ನು ತೋರಿಸುವುದು ಕ್ರೌರ್ಯವೆನ್ನಿಸಬಹುದು. ಆದುದರಿಂದ ಟ್ರೆಂಟನ್ನಿನವರು ಕಟ್ಟಿದುದು ಒಂದು ವೀರಗಲ್ಲು ಎಂದು ತಿಳಿಯುವುದೇ ನ್ಯಾಯ. ನಮ್ಮ ನಾಡಿನ ವೀರಗಲ್ಲುಗಳಲ್ಲಿಯೂ ಮಡಿದ ವೀರನು ಗಾಯಗೊಂಡ ಶವವಾಗಿ ಕೊನೆಗಾಣುವುದಿಲ್ಲ, ಅಪ್ಸರೆಯರೊಡನೆ ಮೇಲಕ್ಕೇರುತ್ತಾನೆ. ವೀರಗಲ್ಲಿಗೆ ಅದರದೇ ಆದ ಸತ್ಯವಿದೆ. ಆದರೆ ವೀರಗಲ್ಲನ್ನು ಕೆತ್ತಿದವರು ಅದಕ್ಕಾಗಿ ಹೊಸ ಕಲ್ಲನ್ನು ತಂದರೇ ಹೊರತು, ವೀರನ ಮುರಿದ ಕತ್ತಿಯನ್ನು ಕರಗಿಸಲಿಲ್ಲ. ಸ್ಮಾರಕಕ್ಕೆ ಹೊಸ ವಸ್ತು ಸಾಲುವುದು. ಸಾಕ್ಷ್ಯಕ್ಕೆ ಹಳೆಯದೇ ಆಗಬೇಕು.

ಮೂರನೆಯ ಪೂರ್ವಪಕ್ಷವು ಕುಶಲಕರ್ಮಿಗಳದು. ಬಿಚ್ಚಿ ಕಟ್ಟಿದಲ್ಲದೆ ಹಳೆಯವರ ಕೈಕೆಲಸ ತಿಳಿಯದೆಂದು ಅವರು ಹೇಳುತ್ತಾರೆ. ಇದು ನಿಜ. ಆದರೆ ಒಂದೇ ಒಂದು ಮಾದರಿ ಉಳಿದಿರುವಾಗ ಅದನ್ನು ಪಾಠಶಾಲೆಯಾಗಿ ಮಾಡಿಕೊಳ್ಳುವುದು ಯುಕ್ತವಲ್ಲ. ಅರಸೀಕೆರೆಯ ಮಂಟಪದ ವಿಷಯದಲ್ಲಿ ಹೇಳಿದ ನಿಯಮವೇ ಇಲ್ಲಿಗೂ ಸಲ್ಲುತ್ತದೆ.

5

ಹೀಗೆ ಒಂದೇ ಮಾದರಿಯಾಗಿ ಉಳಿದುದಕ್ಕೆ ಉತ್ತಮ ನಿದರ್ಶನವೆಂದರೆ ಜರ್ಮನಿಯ ಡಾರ್ನಿಯರ್ 17 ಎಂಬ ಬಾಂಬರ್. 1940ರ ಆಗಸ್ಟ್ 26ರಂದು ಹೊಡೆದುರುಳಿಸಲ್ಪಟ್ಟು ಇಂಗ್ಲೆಂಡಿನ ಕೆಂಟ್ ತೀರದ ಗುಡ್ವಿನ್ ಮರಳುದಿಬ್ಬದಲ್ಲಿ ಬಿದ್ದಿತು. ನಾಲ್ವರಲ್ಲಿ ಇಬ್ಬರು ಸೆರೆಸಿಕ್ಕರು, ಇಬ್ಬರು ಮಡಿದರು. ಆ ಜಾತಿಯಲ್ಲಿ ಬಹುಮಟ್ಟಿಗೆ ಪೂರ್ಣವಾಗಿ ಉಳಿದಿರುವುದು ಇದೊಂದೇ. 2013ರ ಜೂನ್ 10ರಂದು ಇದನ್ನು ಮೇಲಕ್ಕೆತ್ತಿದರು. ವಿಮಾನದ ಸುತ್ತ ಒಂದು ಚೌಕಟ್ಟನ್ನು ಕಟ್ಟಿ ಎತ್ತಬೇಕೆಂಬ ಮೊದಲಿನ ಯೋಜನೆಯು ಗಾಳಿಯ ದೆಸೆಯಿಂದ ದಿನಗಳು ಕಳೆದು ಕೈಗೂಡದೆ, ಕೊನೆಗೆ ಒಡಲಿಗೇ ಹಗ್ಗಗಳನ್ನು ಕಟ್ಟಿ ಎತ್ತಬೇಕಾಯಿತು.

ಇಲ್ಲಿ ಉದ್ಧರಣಕ್ಕಿಂತಲೂ ಅನಂತರದ ಕಾರ್ಯವೇ ಹೆಚ್ಚು ವಿಚಾರಾರ್ಹವಾದುದು. ಈ ವಿಮಾನಗಳು ದುರಾಲುಮಿನ್ ಎಂಬ ಮಿಶ್ರಲೋಹದವು. ಅಲ್ಯುಮಿನಿಯಮ್ಮಿನೊಡನೆ ನೂರಕ್ಕೆ ನಾಲ್ಕರಷ್ಟು ತಾಮ್ರವೂ ಸ್ವಲ್ಪ ಮೆಗ್ನೀಸಿಯಮ್ಮೂ ಮ್ಯಾಂಗನೀಸೂ ಸೇರಿರುತ್ತವೆ. ತಾಮ್ರವು ಲೋಹಕ್ಕೆ ಬಲವನ್ನು ಕೊಡುವುದಾದರೂ ಉಪ್ಪುನೀರಿನಲ್ಲಿ ಅದೇ ಅದರ ಶತ್ರುವಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅಂಶವು ಮೇಲ್ಪದರವನ್ನು ಭೇದಿಸಿ ಒಳಗೆ ಗುಳಿಗಳನ್ನು ಕೊರೆಯುತ್ತದೆ. ಲೋಹವು ಅಭ್ರಕದಂತೆ ಪದರಪದರವಾಗಿ ಏಳುತ್ತದೆ. ಉಕ್ಕಿನ ಭಾಗಗಳು ಅಲ್ಯುಮಿನಿಯಮ್ಮನ್ನು ಸೋಕಿರುವೆಡೆಗಳಲ್ಲಿ ಈ ಕ್ಷಯವು ಇನ್ನೂ ತೀವ್ರ. ಮರಳಿನಡಿಯಲ್ಲಿ ಆಮ್ಲಜನಕವು ವಿರಳವಾದುದರಿಂದ ದಶಕಗಳವರೆಗೆ ನಿಧಾನವಾಗಿ ನಡೆದ ಕ್ಷಯವು, ಗಾಳಿಯನ್ನು ಕಂಡೊಡನೆ ತ್ವರೆಗೊಳ್ಳುತ್ತದೆ. ಆದುದರಿಂದ ಎತ್ತಿದ ವಿಮಾನವನ್ನು ಒಣಗಲು ಬಿಟ್ಟರೆ ಸಮುದ್ರವು ಎಪ್ಪತ್ತು ವರ್ಷಗಳಲ್ಲಿ ಮಾಡದ ಕೇಡು ಕೆಲವೇ ತಿಂಗಳುಗಳಲ್ಲಿ ಆಗಬಹುದು. ಕಾಸ್‌ಫರ್ಡಿನಲ್ಲಿ ಇದನ್ನು ಮುಚ್ಚಿದ ಗೂಡಾರಗಳಲ್ಲಿಟ್ಟು, ನಿಂಬೆಹುಳಿಯಲ್ಲಿರುವ ಸಿಟ್ರಿಕ್ ಆಮ್ಲದ ಅತಿ ದುರ್ಬಲವಾದ ದ್ರಾವಣವನ್ನು ದೀರ್ಘಕಾಲ ಸಿಂಪಡಿಸಿ ಉಪ್ಪನ್ನು ತೊಳೆದರು. ನಾರ್ವೆಯ ಎರಡು ಹ್ಯಾಲಿಫ್ಯಾಕ್ಸುಗಳಿಗಾದರೋ ತಣ್ಣನೆಯ ಸಿಹಿನೀರಿನ ದೆಸೆಯಿಂದ ಈ ಕಷ್ಟ ಕಡಿಮೆ.

ಇದರಿಂದ ಒಂದು ನಿಯಮವು ಸಿದ್ಧವಾಗುತ್ತದೆ. ಎತ್ತುವ ಮೊದಲೇ ಕಾಪಾಡುವ ಉಪಾಯವೂ ಅದಕ್ಕೆ ಬೇಕಾದ ಹಣವೂ ಸಿದ್ಧವಾಗಿರಬೇಕು. ದೇಗುಲದೊಡನೆಯೇ ಜೀರ್ಣೋದ್ಧಾರದ ಭೂಮಿಯನ್ನು ಬಿಟ್ಟುಕೊಟ್ಟ ಪೂರ್ವಿಕರ ವಿವೇಕವೇ ಇದು. ಅಷ್ಟು ಶಕ್ತಿಯಿಲ್ಲದವರು ನೀರಿನಲ್ಲಿಯೇ ಬಿಡುವುದು ಮೇಲು. ಜಲಗತವಾದ ಪರಂಪರೆಯನ್ನು ಕುರಿತು ಯುನೆಸ್ಕೋ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ಒಡಂಬಡಿಕೆಯೂ, ಇದ್ದೆಡೆಯಲ್ಲಿಯೇ ರಕ್ಷಿಸುವುದನ್ನು ಮೊದಲು ಪರಿಶೀಲಿಸಬೇಕೆನ್ನುತ್ತದೆ. ನೂರು ವರ್ಷಗಳಾದರೂ ನೀರಿನಲ್ಲಿದ್ದ ವಸ್ತುಗಳಿಗೆ ಮಾತ್ರ ಅದು ಅನ್ವಯಿಸುವುದರಿಂದ ಎರಡನೆಯ ಮಹಾಯುದ್ಧದ ವಿಮಾನಗಳು ಇನ್ನೂ ಅದರ ಆಶ್ರಯಕ್ಕೆ ಬಂದಿಲ್ಲ. ನೀರಿನಲ್ಲಿ ಬಿಟ್ಟ ವಸ್ತುವು ಕೆಡದೆಂದು ಮಾತ್ರ ಭಾವಿಸಬಾರದು. ಹಾಸನದ ಸಮೀಪದ ಶೆಟ್ಟಿಹಳ್ಳಿಯ ಇಗರ್ಜಿಯು ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಏಳುತ್ತ ವರ್ಷವರ್ಷವೂ ಸವೆಯುತ್ತಿದೆ. ಸದಾ ಮುಳುಗಿರುವುದಕ್ಕಿಂತಲೂ ಸದಾ ಒಣಗಿರುವುದಕ್ಕಿಂತಲೂ, ಮುಳುಗಿ ಏಳುವುದೇ ಕಲ್ಲುಗಾರೆಗೆ ಹೆಚ್ಚು ಹಾನಿಕರ.

6

ಕೊನೆಯದಾಗಿ ಕನ್ನಡನಾಡಿಗೆ ನೇರವಾಗಿ ಸಂಬಂಧಿಸಿದ ವಿಷಯಕ್ಕೆ ಬರೋಣ. ವಾಲ್ಚಂದ್ ಹೀರಾಚಂದರ ಪ್ರಯತ್ನದಿಂದಲೂ ಮೈಸೂರು ಸರ್ಕಾರದ ಸಹಾಯದಿಂದಲೂ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. 1943ರಲ್ಲಿ ಅದು ಅಮೆರಿಕಾದ ವಾಯುಸೈನ್ಯದ ಆಡಳಿತಕ್ಕೆ ಬಂದಿತು. ಕ್ಯಾಟಲೀನಾ ಎಂಬ, ನೀರಿನ ಮೇಲಿಳಿಯುವ ವಿಮಾನಗಳು ಆಗ ಬೆಳ್ಳಂದೂರಿನ ಕೆರೆಯಲ್ಲಿಳಿದು ದುರಸ್ತಿಗೆ ಬರುತ್ತಿದ್ದವು.

ಯುದ್ಧವು ಮುಗಿದಾಗ ಲಿಬರೇಟರ್ ಎಂಬ ಅಮೆರಿಕನ್ ಬಾಂಬರುಗಳು ಕಾನ್ಪುರದಲ್ಲಿ ಗುಂಪುಗುಂಪಾಗಿ ಉಳಿದವು. ಇವು ಬ್ರಿಟನ್ನಿಗೆ ಎರವಾಗಿ ಬಂದವು. ಮತ್ತೊಬ್ಬರು ಉಪಯೋಗಿಸಬಾರದೆಂದು ಅವನ್ನು ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. ಈ ಮುರುಕು ರಾಶಿಯಿಂದ ಬೆಂಗಳೂರಿನ ಕಾರ್ಖಾನೆಯವರು 1948ರಿಂದ ಮುಂದಕ್ಕೆ ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ಆರಿಸಿ, ಅಲ್ಲಿಯೇ ಹಾರುವಷ್ಟುಮಟ್ಟಿಗೆ ಸರಿಮಾಡಿ, ಬೆಂಗಳೂರಿಗೆ ಹಾರಿಸಿ ತಂದು ಪೂರ್ಣವಾಗಿ ದುರಸ್ತಿಮಾಡಿದರು. ಹಾಗೆ ಹಾರಿಸಿ ತಂದ ಕೀರ್ತಿಯು ಕಾರ್ಖಾನೆಯ ಪರೀಕ್ಷಾಚಾಲಕ ಜಮ್ಷೆಡ್ ಮುನ್ಷಿಯವರಿಗೆ ಸಲ್ಲುತ್ತದೆ. ಈ ವಿಮಾನಗಳು 1968ರ ಕೊನೆಯವರೆಗೂ ಭಾರತೀಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು. ಇದು ಶುದ್ಧವಾದ ಖಂಡಸ್ಫುಟಿತ ಜೀರ್ಣೋದ್ಧಾರ. ಹಾರುವುದಕ್ಕಾಗಿ ದುರಸ್ತಿಮಾಡಿದರು, ಅವು ಹಾರಿದವು. ಇದರಲ್ಲಿ ವಿಮರ್ಶಕನು ಆಡತಕ್ಕ ತಪ್ಪು ಯಾವುದೂ ಇಲ್ಲ.

ತಪ್ಪು ಅನಂತರ ನಡೆಯಿತು. ಲಿಬರೇಟರುಗಳು ಹದಿನೆಂಟು ಸಾವಿರಕ್ಕೂ ಹೆಚ್ಚಾಗಿ ತಯಾರಾಗಿದ್ದರೂ ಪ್ರಪಂಚದಲ್ಲಿ ಉಳಿದವು ಬೆರಳೆಣಿಕೆಯಷ್ಟು. ಆ ಪೈಕಿ ಬಹುಭಾಗ ಭಾರತದಿಂದ ಹೋದವು. ಬ್ರಿಟನ್ನಿನ ಕೆಎನ್ 751, ಕೆನಡಾದ ಒಟ್ಟಾವಾದಲ್ಲಿರುವುದು, ಅಮೆರಿಕಾದ ಪೀಮಾ ಸಂಗ್ರಹಾಲಯದ್ದು, ಇವೆಲ್ಲ ಬೆಂಗಳೂರಿನ ಕೈಕೆಲಸದಿಂದ ಉಳಿದವೇ. ಭಾರತದಲ್ಲಿ ದೆಹಲಿಯ ಪಾಲಂನಲ್ಲಿ ಒಂದುಂಟು. ಅಮೆರಿಕಾದ ಕಾಲಿಂಗ್ಸ್ ಪ್ರತಿಷ್ಠಾನದವರು 1989ರಲ್ಲಿ ಮತ್ತೆ ಹಾರಿಸಿದ ವಿಮಾನವೂ ಹಿಂದೆ ಭಾರತೀಯ ವಾಯುಪಡೆಯದು. ಅದಕ್ಕೆ ಮೊದಲು ಒಂದು, ಬಳಿಕ ಮತ್ತೊಂದು, 2005ರಲ್ಲಿ ಮಗುದೊಂದು ಅಮೆರಿಕನ್ ಯುದ್ಧವಿಮಾನದ ಹೆಸರನ್ನೂ ಬಣ್ಣವನ್ನೂ ಕೊಟ್ಟರು. ತಾನು ಎಂದೂ ಸೇರದಿದ್ದ ದಳಗಳ ವೇಷವನ್ನು ಆ ವಿಮಾನವು ಹಾಕಿತು. ತಾನು ನಿಜವಾಗಿ ಸೇವೆಸಲ್ಲಿಸಿದ ಇಪ್ಪತ್ತು ವರ್ಷಗಳು ಬಣ್ಣದಡಿಯಲ್ಲಿ ಹೂತುಹೋದವು. ಅಲ್ಲಿನ ಹಳೆಯ ಯೋಧರಿಗೆ ಅದರಿಂದ ಸಂತೋಷವಾದುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೇಲೂರಿನ ಗೋಪುರದಿಂದ ಗುಂಡನ ಶಾಸನವನ್ನು ತೆಗೆದುಹಾಕಿ, ಅದನ್ನು ವಿಷ್ಣುವರ್ಧನನ ಕಾಲದ್ದೆಂದು ತೋರಿಸಿದಂತೆ ಇದು. ಪುನರ್ನಿರ್ಮಾಣದ ದೋಷವು ಹೊಸ ತಗಡನ್ನು ಸೇರಿಸಿದುದರಲ್ಲಿ ಮಾತ್ರವಿಲ್ಲ. ಒಂದು ಕಾಲವನ್ನು ಮೆರೆಸುವುದಕ್ಕಾಗಿ ಇನ್ನೊಂದು ಕಾಲವನ್ನು ಅಳಿಸಿದುದರಲ್ಲಿಯೂ ಇದೆ.

ಈ ವಿಚಾರದಿಂದ ಸಿದ್ಧವಾಗುವುದಿಷ್ಟು. ಉಪಯೋಗವಿರುವ ವಸ್ತುವನ್ನು ದುರಸ್ತಿಮಾಡಬೇಕು. ಉಪಯೋಗವು ಮುಗಿದು ಸಾಕ್ಷ್ಯಮಾತ್ರವಾಗಿ ಉಳಿದುದನ್ನು ಇದ್ದಂತೆ ರಕ್ಷಿಸಬೇಕು. ಒಂದೇ ಮಾದರಿ ಉಳಿದಿದ್ದರೆ ಊಹೆಗೆ ಎಡೆಗೊಡಬಾರದು. ಹೊಸದನ್ನು ಸೇರಿಸಲೇಬೇಕಾದರೆ ಹೊಸದೆಂದು ತಿಳಿಯುವಂತೆ ಸೇರಿಸಬೇಕು. ರಕ್ಷಿಸುವ ಶಕ್ತಿಯಿಲ್ಲದಿದ್ದರೆ ಎತ್ತಬಾರದು. ಬೆಂಗಳೂರಿನ ಕಾರ್ಖಾನೆಯು 2001ರಿಂದ ತನ್ನದೇ ಆದ ಸಂಗ್ರಹಾಲಯವನ್ನು ನಡೆಸುತ್ತಿದೆ. ಅರುಣಾಚಲದ ಪಾಸಿಘಾಟಿನಲ್ಲಿ, ಹಿಮಾಲಯದ ಮಾರ್ಗದಲ್ಲಿ ಬಿದ್ದ ಯುದ್ಧವಿಮಾನಗಳ ಅವಶೇಷಗಳಿಗಾಗಿ 2023ರಲ್ಲಿ ಒಂದು ಸಂಗ್ರಹಾಲಯವು ಆರಂಭವಾಗಿದೆ. ಇಂತಹ ವಸ್ತುಗಳು ನಮ್ಮ ದೇಶದಲ್ಲಿ ಇನ್ನು ಮುಂದೆ ಹೆಚ್ಚಾಗಿ ಬೆಳಕಿಗೆ ಬರುವುವು. ಅವುಗಳ ಮೇಲೆ ಕೈಯಿಡುವವರು ಪರದೇಶದ ಮಾದರಿಗಳನ್ನು ನೋಡುವುದರೊಡನೆ, ಒಂದು ದಿನ ಬೇಲೂರಿಗೂ ಹಳೇಬೀಡಿಗೂ ಹೋಗಿ ಬರುವುದು ಒಳ್ಳೆಯದು. ಆ ಎರಡು ಊರುಗಳ ನಡುವಣ ಹತ್ತು ಮೈಲಿಯ ದಾರಿಯಲ್ಲಿ ಈ ಪ್ರಶ್ನೆಯ ಎರಡು ಉತ್ತರಗಳೂ ದೊರೆಯುತ್ತವೆ.